ಹಿಂಡಿ ಅಂದರೆ ಯಾವ ಹಿಂಡಿ

ನಮ್ಮ ಕಡೆ ಹಿಂಡಿ ಎಂಬ ಮಾತಿಗೆ ಎರಡು ಅರ್ಥ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಗಟ್ಟಿ ಚಕ್ಕೆ, ಎತ್ತು-ಎಮ್ಮೆ ತಿನ್ನುವಂಥದು, ಅದೂ ಹಿಂಡಿ. ಶೇಂಗಾ, ಗುರೆಳ್ಳು, ಅಗಸಿ ಹುರಿದು, ಖಾರ-ಉಪ್ಪು ಹಾಕಿ ಕುಟ್ಟಿ, ರೊಟ್ಟಿಗೆ ಹಚ್ಚಿಕೊಂಡು ಮನುಷ್ಯರು ತಿನ್ನುವ ಪುಡಿ, ಅದೂ ಹಿಂಡಿ. ಹುಟ್ಟಿದಾಗಿನಿಂದ ಎರಡನ್ನೂ ಕೇಳಿ ಬೆಳೆದವರಿಗೆ ಗೊಂದಲವಾಗುವುದಿಲ್ಲ. ಮನೆಯಲ್ಲಿ "ಹಿಂಡಿ ಇಡು" ಅಂದರೆ ದನದ ಗೋದಲಿಯ ಕಡೆ ಹೋಗುತ್ತೇವೆ, "ಹಿಂಡಿ ನೀಡು" ಅಂದರೆ ಒಲೆಯ ಕಡೆ. ಇಷ್ಟು ಸರಳವಾದ ಮಾತನ್ನು ಅಡ್ಡ ಹಿಡಿದು ನಾನೊಮ್ಮೆ ಜಾಣತನ ಮಾಡಲು ಹೋದೆ. ನನ್ನ ವ್ಯಾಪಾರದ ಆಯುಷ್ಯದಲ್ಲಿ ಚೌಕಾಶಿ ಮಾಡದೆ ತಲೆ ತಗ್ಗಿಸಿದ ಪ್ರಸಂಗ ಅದೊಂದೇ.

ನಾನು ಹಿಂಡಿ ವ್ಯಾಪಾರಿ. ದನದ ಹಿಂಡಿ. ಗಜೇಂದ್ರಗಡದ ಪೇಟೆಯಲ್ಲಿ ಮೊದಲು ನಾನೇ ಬೆನ್ನ ಮೇಲೆ ಚೀಲ ಹೊತ್ತೆ, ಆಮೇಲೆ ಬೇರೆಯವರ ಬೆನ್ನ ಮೇಲೆ ಹೊರಿಸಿದೆ. ಇದಕ್ಕೆ ಜನ ಉದ್ಧಾರವಾದ ಅನ್ನುತ್ತಾರೆ. ರೋಣ, ನರೇಗಲ್, ನರಗುಂದದ ಸಂತೆಗಳಲ್ಲೆಲ್ಲ ನನ್ನ ಚೀಲ ಇಳಿಯುತ್ತಿದ್ದವು. ವ್ಯಾಪಾರಕ್ಕೆ ಇಳಿಯುವವರು ಕೇಳಿದರೆ ಇವತ್ತಿಗೂ ಒಂದು ಮಾತು ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ: ಜನ ಏನು ಕೊಳ್ಳುತ್ತಾರೆ ಎಂದು ನೋಡಬೇಡಿ, ಏನು ಚೆಲ್ಲುತ್ತಾರೆ ಎಂದು ನೋಡಿ. ಗಾಣದ ಮುಂದೆ ಎಣ್ಣೆಗೆ ನಿಂತವರ ಸಾಲು ಉದ್ದವಿತ್ತು. ಗಾಣದ ಹಿಂದೆ ನಾನೊಬ್ಬನೇ ನಿಂತಿದ್ದೆ.

ನಾವು ಮುಂಬೈ ಪ್ರಾಂತ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಒಂದು ಅಂಗಡಿಯಲ್ಲಿ ಆಣೆ, ಪಕ್ಕದ ಅಂಗಡಿಯಲ್ಲಿ ಹೊಸ ಪೈಸೆ. ಊರು ಉದ್ಧಾರ ಮಾಡಲು ಸರಕಾರ ಹಳ್ಳಿ ಹಳ್ಳಿಗೆ ಗ್ರಾಮಸೇವಕರನ್ನು ಕಳಿಸಿತ್ತು. ನರೇಗಲ್ಲಿಗೆ ಬಂದಿದ್ದವರಿಗೆ ಒಂದು ಸೈಕಲ್ಲು, ಒಂದು ಚೀಲ ಕರಪತ್ರ, ಒಂದು ಡಜನ್ ಬಿಳಿ ಸೀಮೆ ಕೋಳಿ ಕೊಟ್ಟಿದ್ದರು. ಸೈಕಲ್ಲು ಮತ್ತು ಕರಪತ್ರ ಅವರಿಗೆ ಹೊಂದಿಕೊಂಡಿದ್ದವು. ಕೋಳಿಯನ್ನು ಮಾತ್ರ ಅವರು ಕರವಸ್ತ್ರ ಸುತ್ತಿಕೊಂಡ ಕೈಯಿಂದ ಹಿಡಿಯುತ್ತಿದ್ದರು. ಅವರ ಮನೆತನದಲ್ಲಿ ಮೊಟ್ಟೆ ಎಂಬ ಶಬ್ದವನ್ನೂ ಯಾರೂ ಗಟ್ಟಿಯಾಗಿ ಅಂದವರಲ್ಲ. ಅಂಥವರಿಗೆ ಸಿಕ್ಕ ಕೆಲಸ, ರೈತರಿಗೆ ಕೋಳಿ ಸಾಕುವುದನ್ನು ಕಲಿಸುವುದು.

ಕೋಳಿಗೆ ಹಾಕಲು ಶೇಂಗಾ ಹಿಂಡಿ ಒಯ್ಯಲು ಅವರು ನನ್ನ ಅಂಗಡಿಗೆ ಬರುತ್ತಿದ್ದರು.

"ಸಾವ್ಕಾರ್ರ, ಹಿಂಡಿ ಭಾಳ ತುಟ್ಟಿ ಆತಲ್ರಿ."

"ಸಾಹೇಬ್ರ, ಈ ತಾಲೂಕಿನ್ಯಾಗ ಕೋಳಿಗೆ ಹಿಂಡಿ ಹಾಕೋರು ನೀವೊಬ್ಬರ. ಅಪರೂಪದ ಗಿರಾಕಿಗೆ ಅಪರೂಪದ ದರ."

ಅವರು ನಗಲಿಲ್ಲ. ಚೀಲದಿಂದ ಒಂದು ಕರಪತ್ರ ತೆಗೆದು ಗಲ್ಲಾದ ಮೇಲಿಟ್ಟರು. ಅದರಲ್ಲಿ ಒಂದು ಕೋಳಿಯ ಚಿತ್ರ, ಅದರ ಪಕ್ಕದಲ್ಲಿ ಒಂದು ಪುಕ್ಕದ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ 'ಸಸಾರಜನಕ' ಎಂದಿತ್ತು.

"ಸಸಾರ ಅಂದ್ರ ಹಗುರ. ಪುಕ್ಕ ಹಗುರ ಅಂತ ಹೇಳಾಕ ಸರಕಾರ ಕಾಗದ ಅಚ್ಚ ಹಾಕಿಸ್ಬೇಕೇನ್ರಿ?" ಅಂದೆ.

"ಸಸಾರ ಅಲ್ರಿ, ಸಸಾರಜನಕ. ಮೈ ಬೆಳಸೋ ಸತ್ವ. ಬ್ಯಾಳ್ಯಾಗ ಇರ್ತೈತಿ, ಹಾಲಿನ್ಯಾಗ ಇರ್ತೈತಿ, ನಿಮ್ಮ ಹಿಂಡ್ಯಾಗ ಇರ್ತೈತಿ. ಕೋಳಿ ಪುಕ್ಕದಾಗ ಎಲ್ಲಾದಕ್ಕಿಂತ ಹೆಚ್ಚೈತಿ. ಅದು ಬಹುತೇಕ ಅದರಿಂದನ ಆಗಿದ್ದು."

"ಹಂಗಾದ್ರ ಕೋಳಿಗೆ ಅದರ ಪುಕ್ಕಾನ ತಿನಸ್ರಿ. ನನ್ನ ಹಿಂಡಿ ಯಾಕ?"

"ಹಸೇದು ಹಾಕಿದ್ರ ಹ್ಯಾಂಗ ಹೋಗಿರ್ತೈತಿ ಹಂಗ ಹೊರಗ ಬರ್ತೈತ್ರಿ. ಕೊಂಬು, ಉಗುರು, ಕೂದಲು ಇದ್ದಂಗ ಅದು. ಬಾಯಿ ಬಿಗಿದ ಭಾಂಡ್ಯಾದಾಗ ಭಾಳ ಹೊತ್ತು ಬೇಯಿಸಿ, ಒಣಗಿಸಿ, ಪುಡಿ ಮಾಡಿದ್ರ ಅಷ್ಟ ಹೊಟ್ಟಿ ಒಪ್ಪತೈತಿ."

ಅವರು ಕಾಗದವನ್ನು ಗಲ್ಲಾದ ಮೇಲೇ ಬಿಟ್ಟು ಸೈಕಲ್ ಹತ್ತಿದರು. ನನಗೆ ಮಾತ್ರ ಆ ದಿನ ಊಟ ಸೇರಲಿಲ್ಲ. ಪ್ರತಿ ಸಂತೆಗೆ ಊರ ಹಳ್ಳಕ್ಕೆ ಚೆಲ್ಲುತ್ತಿದ್ದ ಪುಕ್ಕದ ರಾಶಿ ಕಣ್ಣ ಮುಂದೆ ಬರುತ್ತಿತ್ತು. ಬೀಗ ಹಾಕಿದ ಕಣಜವನ್ನು ಜನ ವಾರಕ್ಕೊಮ್ಮೆ ಹಳ್ಳಕ್ಕೆ ತಳ್ಳುತ್ತಿದ್ದಾರೆ, ನಾನು ನೋಡುತ್ತಾ ಕೂತಿದ್ದೇನೆ! ನರಗುಂದದಲ್ಲಿ ಒಬ್ಬ ದೊಡ್ಡ ಹತ್ತಿ ಬೆಳೆಗಾರರು ಬಿಳಿ ಕೋಳಿ ಸಾಕಲು ಮನಸ್ಸು ಮಾಡಿದ್ದರೆಂದು ಗ್ರಾಮಸೇವಕರೇ ಹೇಳಿದ್ದರು. ಅವರಿಗೆ ಮೇವು ಬೇಕೇಬೇಕು. ಮುಂದಿನ ಸಂತೆಗೆ ನಾನು ಕೋಳಿ ಮಾರುವ ಹೆಂಗಸಿನ ಮುಂದೆ ಹೋಗಿ ನಿಂತೆ.

"ಈ ಪುಕ್ಕ ಏನ್ ಮಾಡ್ತಿಯವ್ವಾ?"

"ಹಳ್ಳಕ್ಕ ಚೆಲ್ತೀನ್ರಿ."

"ನನಗ ಪುಕ್ಕಟ ಕೊಡ್ತಿಯೇನ?"

ಆಕೆ ನನ್ನ ರುಮಾಲು ನೋಡಿದಳು, ಚಪ್ಪಲಿ ನೋಡಿದಳು. "ಚೆಲ್ಲಾಕ ಪುಕ್ಕಟ ಐತ್ರಿ. ಕೊಡಾಕ ಪುಕ್ಕಟ ಇಲ್ಲ."

ಕೇಳುವವನು ಬಂದ ಗಳಿಗೆಯಿಂದ ಕಸ ಕಸವಾಗಿ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿದ್ದ ಸಂಗತಿ. ಆಕೆಗೂ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಇರಲಿ ಎಂದು ತೂಕದ ಮೇಲೆ ಮಾತಾಡಿದೆ. ಪುಕ್ಕಕ್ಕೆ ತೂಕವೆಲ್ಲಿಯದು, ಚೀಲಗಟ್ಟಲೆ ಬಂದರೂ ತಕ್ಕಡಿ ಏಳುವುದಿಲ್ಲ ಎಂದು ಒಳಗೊಳಗೇ ನಗುತ್ತಾ ಮನೆಗೆ ಬಂದೆ. ಮುಂದಿನ ವಾರ ಹೋದರೆ ಒಂದು ಚೀಲ ಎತ್ತಲು ಇಬ್ಬರು ಬೇಕಾಯಿತು. ಚೀಲದ ತಳದಿಂದ ನೀರು ಸೋರುತ್ತಿತ್ತು.

"ಇದೇನವ್ವಾ?"

"ತೊಳದು ಕೊಟ್ಟೀನ್ರಿ. ದೊಡ್ಡೋರ ಮನಿಗೆ ಹೊಲಸು ಕೊಡ್ಲೇನು?"

ಅಲ್ಲಿಂದ ಮುಂದೆ ಒಣಗಿದ ಪುಕ್ಕ, ಚೀಲದ ಲೆಕ್ಕ ಎಂದು ಗೊತ್ತು ಮಾಡಿದೆ. ಹಗುರ ಸರಕನ್ನು ತೂಕದ ಮೇಲೆ ಕೊಳ್ಳಬೇಡಿ. ಇದೂ ಕೇಳದಿದ್ದರೂ ಹೇಳುವ ಮಾತೇ.

ಪುಕ್ಕ ಬಂತು, ಬೇಯಿಸುವ ಭಾಂಡೆ ಇರಲಿಲ್ಲ. ಅಷ್ಟು ದೊಡ್ಡದು, ಅದಕ್ಕೆ ಗಟ್ಟಿ ಮುಚ್ಚಳ ಇರುವುದು ಗಜೇಂದ್ರಗಡದಲ್ಲಿ ಒಂದೇ ಕಡೆ ಇತ್ತು. ನನ್ನ ಬಾಲ್ಯದ ಗೆಳೆಯ, ಕನ್ನಡ ಸಾಲಿಯಲ್ಲಿ ಒಂದೇ ಹಲಗೆಯ ಮೇಲೆ ನಾವಿಬ್ಬರೂ ಬರೆದವರು, ನೇಕಾರರ ನೂಲಿಗೆ ಬಣ್ಣ ಹಾಕುವವನು. ಅಜ್ಜನ ಕಾಲದ ತಾಮ್ರದ ಹಂಡೆ ಅವನದು, ಒಳಗೆಲ್ಲ ಕಲಾಯಿ, ಮೇಲೆ ತಾಮ್ರದ್ದೇ ಮುಚ್ಚಳ. ಆ ಹಂಡೆಯೇ ಅವನ ಹೊಲ, ಅವನ ಮನೆ. ಅದೂ ಅರ್ಧ ಬರಿದಾಗಿತ್ತು. ಡಬ್ಬಿಯಲ್ಲಿ ಬಣ್ಣದ ಪುಡಿ ಬಂದು, ಅರ್ಧ ನೇಕಾರರು ತಮ್ಮ ತಮ್ಮ ಮನೆಯಲ್ಲೇ ನೂಲು ಅದ್ದಿಕೊಳ್ಳತೊಡಗಿದ್ದರು. ಇವನ ಹತ್ತಿರ ಉಳಿದದ್ದು ಒಂದೇ ಓಣಿ. ಆ ಓಣಿ ಉಳಿದದ್ದು ಒಬ್ಬ ಮುದುಕಿಯಿಂದ.

ಅವರನ್ನು ಊರೆಲ್ಲ ಆಯಿ ಎನ್ನುತ್ತಿತ್ತು. ಐದು ಮಗ್ಗದ ಮನೆಯ ಹಿರಿಯರು, ಎಪ್ಪತ್ತು ದಾಟಿದವರು. ಉಳ್ಳಾಗಡ್ಡಿ, ಬಳ್ಳೊಳ್ಳಿ ಮುಟ್ಟುತ್ತಿರಲಿಲ್ಲ. ಪರರ ಮನೆಯ ನೀರು ಕುಡಿಯುತ್ತಿರಲಿಲ್ಲ. ಮದುವೆಯ ಸೀರೆಯ ನೂಲು ಬಣ್ಣಕ್ಕೆ ಬಿದ್ದರೆ ರೊಟ್ಟಿಯ ಗಂಟು, ನೀರಿನ ಚೊಂಬು ಹಿಡಿದುಕೊಂಡು ಬಂದು ನನ್ನ ಗೆಳೆಯನ ಅಂಗಳದಲ್ಲಿ ಕೂಡುವರು. ಹಂಡೆ ಶುದ್ಧವಿದೆಯೇ, ಬಣ್ಣ ಪಕ್ಕಾ ಇದೆಯೇ, ತಮ್ಮ ಕಣ್ಣಿಂದ ನೋಡಿಯೇ ಏಳುವರು. ಅವರು ಹೂಂ ಅಂದರೆ ಓಣಿಯೆಲ್ಲ ಹೂಂ. ಮದುವೆಯ ತಿಂಗಳು ಹತ್ತಿರ ಬಂದಿತ್ತು. ಆಯಿಯ ನೂಲು ಒಂದು ತಪ್ಪಿದರೆ ನನ್ನ ಗೆಳೆಯ ಹಂಡೆ ಮಗುಚಿ ಹಾಕಿ ಕೂಲಿಗೆ ಹೋಗಬೇಕಾಗಿತ್ತು.

ಇದೆಲ್ಲ ಗೊತ್ತಿದ್ದೇ ನಾನು ಅವನ ಮನೆಗೆ ಹೋದೆ. ಅವನ ಹೆಂಡತಿ ತವರಿಗೆ ಹೋದ ದಿನ ನೋಡಿಕೊಂಡೇ ಹೋದೆ.

"ಕೋಳಿ ಪುಕ್ಕ? ನನ್ನ ಹಂಡೇದಾಗ? ಲೇ, ನಿನ್ನ ತಲಿ ನೆಟ್ಟಗೈತಿಲ್ಲೋ?"

"ನಾಕ ದಿನ. ಆಮ್ಯಾಲ ತಿಕ್ಕಿ ತಿಕ್ಕಿ ಕನ್ನಡಿ ಮಾಡಿ ಕೊಡ್ತೀನಿ. ಬಂದದ್ರಾಗ ಅರ್ಧ ನಿಂದು."

"ಆಯಿಗೆ ಗೊತ್ತಾದ್ರ?"

"ಹ್ಯಾಂಗ ಗೊತ್ತಾಕ್ಕೈತಿ? ಯಾರರ ಏನ್ ಕುದಸಾಕತ್ತಿ ಅಂದ್ರ ಹಿಂಡಿ ಅನ್ನು. ನಾ ಹಿಂಡಿ ವ್ಯಾಪಾರಿ. ಸುಳ್ಳೂ ಆಗಂಗಿಲ್ಲ."

ಆ ಕೊನೆಯ ಮಾತನ್ನು ಹೇಳಿ ನಾನು ಎಷ್ಟು ಹಿಗ್ಗಿದೆನೆಂದರೆ, ಅವನ ಬೆನ್ನ ಮೇಲೆ ಒಂದು ಗುದ್ದನ್ನೂ ಹಾಕಿದೆ.

ಮೊದಲ ದಿನ ಬರೀ ನೀರಿನಲ್ಲಿ ಕುದಿಸಿದೆವು. ಎರಡು ಹೊರೆ ಕಟ್ಟಿಗೆ ಸುಟ್ಟು ಮುಚ್ಚಳ ತೆಗೆದರೆ ಪುಕ್ಕ ನೀರೆರೆದುಕೊಂಡು ಬಂದ ಮದುಮಗಳ ಹಾಗೆ ಹೊಳೆಯುತ್ತಿತ್ತು. ಮೊದಲಿಗಿಂತ ಬೆಳ್ಳಗೆ, ಮೊದಲಿಗಿಂತ ಮೆತ್ತಗೆ. ಇಂಥದನ್ನು ತಲೆದಿಂಬಿಗೆ ತುಂಬಬಹುದಿತ್ತು, ಕೋಳಿಗೆ ತಿನ್ನಿಸುವಂತಿರಲಿಲ್ಲ. ನಾನು ಸರಕಾರವನ್ನು ಬೈದೆ. ನನ್ನ ಗೆಳೆಯ ಮಾತ್ರ ಒಂದು ಪುಕ್ಕ ಹಿಡಿದು ಬೆರಳಲ್ಲಿ ಹೊಸಕುತ್ತಾ ಕೂತ.

"ಇದು ಕಂಬಳಿ ಉಣ್ಣಿ ಜಾತಿದು ಐತಿ," ಅಂದ.

"ಉಣ್ಣಿ ಕುರೀದು, ಇದು ಕೋಳೀದು."

"ಎರಡೂ ಮೈಮ್ಯಾಲ ಬೆಳದದ್ದಲ್ಲೇನು? ನಮ್ಮಪ್ಪ ಒಮ್ಮೆ ಕಂಬಳಿ ನೂಲಿಗೆ ಸೋಡಾ ಹೆಚ್ಚ ಹಾಕಿಬಿಟ್ಟಿದ್ದ. ಹತ್ತಿ ನೂಲು ಸೋಡಾಕ್ಕ ಜಗ್ಗಂಗಿಲ್ಲ, ಉಣ್ಣಿ ಜಗ್ಗತೈತಿ. ಮುಚ್ಚಳ ತಗದ್ರ ನೂಲ ಇರಲಿಲ್ಲ ಮಾರಾಯ, ಗಂಜಿ ಇತ್ತು. ಅವ್ವ ವಾರಗಟ್ಟಲೆ ಬೈದಾಳ."

ಕರಪತ್ರ ಬರೆದವರಿಗೆ ಗೊತ್ತಿತ್ತೋ ಇಲ್ಲವೋ, ಅದರಲ್ಲಿ ಈ ಮಾತು ಇರಲಿಲ್ಲ. ಮರುದಿನ ಹಂಡೆಗೆ ಬಟ್ಟೆ ಸೋಡಾ ಬಿತ್ತು. ಮುಚ್ಚಳದ ಸುತ್ತ ಜೋಳದ ಹಿಟ್ಟಿನ ಕಣಕ ಮೆತ್ತಿದೆವು, ಮೇಲೆ ಒಂದು ಬೀಸುವ ಕಲ್ಲು. ಉಗಿ ಹೊರಬೀಳಲು ಕಣಕದಲ್ಲಿ ಒಂದು ಕಡ್ಡಿಯಷ್ಟು ತೂತು ಬಿಡಬೇಕೆಂದು ಅವನೇ ಹೇಳಿದ. ಅದಿಲ್ಲದಿದ್ದರೆ ಈ ನೆನಪು ಬರೆಯಲು ನಾನು ಇರುತ್ತಿರಲಿಲ್ಲ. ಸಂಜೆಗೆ ತೆಗೆದು ನೋಡಿದರೆ ಪುಕ್ಕದ ಗುರುತೇ ಇಲ್ಲ, ಕಂದು ಅಂಬಲಿ. ಸುಟ್ಟ ಕೂದಲಿನ ವಾಸನೆ. ಆದರೆ ಬಣ್ಣಗಾರನ ಮನೆಯಲ್ಲಿ ದಿನಾ ಒಂದಲ್ಲ ಒಂದು ನಾತ ಇದ್ದದ್ದೇ. ಓಣಿಯವರು ಮೂಗು ಕೂಡ ಮುರಿಯಲಿಲ್ಲ.

ಇನ್ನು ಆ ಸೋಡಾ ಕೊಲ್ಲಬೇಕಿತ್ತು, ಇಲ್ಲದಿದ್ದರೆ ಕೋಳಿಯ ಹೊಟ್ಟೆ ಸುಡುತ್ತಿತ್ತು. ಅದಕ್ಕೂ ಅವನ ಹತ್ತಿರ ಔಷಧವಿತ್ತು. ಹುಣಸೆ ಹುಳಿ ಹಿಂಡುತ್ತಾ ಹೋದ. ನಡುನಡುವೆ ಒಂದು ಹನಿಯನ್ನು ಅರಿಷಿಣದ ಮೇಲೆ ಬಿಟ್ಟು ನೋಡುವನು. ಅರಿಷಿಣ ಕೆಂಪಗಾದರೆ ಸೋಡಾ ಜೀವಂತ, ಹಳದಿಯಾಗಿಯೇ ಉಳಿದರೆ ಸತ್ತಿತು. ಆರತಿಯ ನೀರು ಕೆಂಪಾಗುವುದನ್ನು ಕಂಡ ಯಾವ ಹೆಂಗಸಿಗೂ ಗೊತ್ತಿರುವ ವಿದ್ಯೆ. ಆಮೇಲೆ ಅದನ್ನು ಚಾಪೆಯ ಮೇಲೆ ಬಿಸಿಲಿಗೆ ಹರವಿದೆವು. ಪುಕ್ಕದ ಪುಡಿಯೊಂದನ್ನೇ ಹಾಕಬೇಡಿ, ಬೇರೆ ಮೇವಿನ ಜೊತೆ ಬೆರೆಸಿ ಎಂದು ಕರಪತ್ರ ಹೇಳಿತ್ತು. ಸಮಸಮ ಶೇಂಗಾ ಹಿಂಡಿ ಬೆರೆಸಿ ಕುಟ್ಟಿದೆವು. ನೋಡಲು ನನ್ನ ಅಂಗಡಿಯ ಸರಕಿಗಿಂತ ಚಲೋ ಇತ್ತು.

ಒಂದು ಸಣ್ಣ ಚೀಲ ಗ್ರಾಮಸೇವಕರಿಗೆ ಮುಟ್ಟಿಸಿದೆ. ಬಿಳಿ ಕೋಳಿಗಳು ಬಿದ್ದು ಬಿದ್ದು ತಿಂದವಂತೆ. "ಪ್ರಯೋಗ ಯಶಸ್ವಿ" ಎಂದು ಅವರು ರೋಣದ ಕಚೇರಿಗೆ ಬರೆದು ಹಾಕಿದರು. ಪ್ರಯೋಗ ಎಲ್ಲಿ ನಡೆಯಿತು, ಯಾವ ಹಂಡೆಯಲ್ಲಿ ನಡೆಯಿತು ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರ ಕೋಳಿಯ ಧೈರ್ಯದ ಮೇಲೆ ನರಗುಂದದ ಬೆಳೆಗಾರರಿಗೆ ಮಾದರಿ ಕಳಿಸಲು ಇನ್ನೊಂದು ದೊಡ್ಡ ಹಂಡೆ ಬೇಯಿಸಿದೆವು. ಕುಟ್ಟಿ, ಕೊನೆಯ ಬಿಸಿಲು ಕಾಯಿಸಲು ಅಂಗಳದ ಚಾಪೆಯ ಮೇಲೆ ಹರವಿ, ಹಂಡೆ ಉರುಳಿಸಿಕೊಂಡು ಹಿತ್ತಿಲ ಬಾವಿಗೆ ಹೋದೆವು. ಆಯಿ ಬರುವುದು ಮರುದಿನ. ಒಂದು ಇಡೀ ದಿನ ನಮ್ಮ ಕೈಯಲ್ಲಿತ್ತು. ಇಟ್ಟಂಗಿ ಪುಡಿ, ಹುಣಸೆಹಣ್ಣು ಹಾಕಿ ಇಬ್ಬರೂ ಮೊಣಕೈ ಸವೆಯುವ ಹಾಗೆ ತಿಕ್ಕಿದೆವು.

ಹೊಳೆಯುವ ಹಂಡೆಯನ್ನು ಇಬ್ಬರೂ ಹಿಡಿದುಕೊಂಡು ಅಂಗಳಕ್ಕೆ ಬಂದರೆ ಆಯಿ ಕೂತಿದ್ದರು. ಪಕ್ಕದಲ್ಲಿ ನೂಲಿನ ಗಂಟು, ತೊಡೆಯ ಮೇಲೆ ರೊಟ್ಟಿ, ರೊಟ್ಟಿಯ ಮೇಲೆ ಕಂದು ಪುಡಿ. ಬಾಯಿ ಆಡುತ್ತಿತ್ತು.

"ಬರ್ರಿ, ಬರ್ರಿ. ನಾಳೆ ಅಮಾಸಿ ಅಂತ ಇವತ್ತ ಬಂದೆ," ಅಂದರು. "ನಮ್ಮ ಸೊಸಿ ನೋಡು, ಬರೀ ರೊಟ್ಟಿ ಕಟ್ಯಾಳ, ಹಚ್ಚಿಕೊಳ್ಳಾಕ ಏನೂ ಇಟ್ಟಿಲ್ಲ. ಎದರ ಮನಿಯಾಕಿ ಹೇಳಿದ್ಳು, ನೀವು ಎಂಟ ದಿನದಿಂದ ಹಿಂಡಿ ಮಾಡಾಕತ್ತೀರಿ ಅಂತ. ಒಂದ ಹಿಡಿ ತಗೊಂಡೆ."

ಪರರ ಮನೆಯ ನೀರನ್ನೂ ಮುಟ್ಟದ ಆಯಿ ಹಿಂಡಿ ಹೇಗೆ ಮುಟ್ಟಿದರು ಎಂದು ನೀವು ಕೇಳಬಹುದು. ಹುರಿದು ಕುಟ್ಟಿದ, ನೀರು ಸೋಕದ ಪದಾರ್ಥಕ್ಕೆ ಮೈಲಿಗೆ ಇಲ್ಲ ಎಂಬುದು ಅವರ ಕಾನೂನು. ಅವಲಕ್ಕಿ, ಚುರುಮುರಿ, ಹಿಂಡಿ, ಇಷ್ಟಕ್ಕೆ ಅವರ ಮಡಿಯಲ್ಲಿ ಬಾಗಿಲು ತೆರೆದಿತ್ತು. ಇನ್ನು ವಾಸನೆ. ನಶ್ಯ ಏರಿಸಿ ಏರಿಸಿ ಅವರ ಮೂಗು ಎಂದೋ ಪಿಂಚಣಿ ತೆಗೆದುಕೊಂಡಿತ್ತು.

ನನ್ನ ಗೆಳೆಯನ ಕೈ ಸಡಿಲಾಗಿ ಹಂಡೆಯ ಅಷ್ಟೂ ಭಾರ ನನ್ನ ಮೇಲೆ ಬಿತ್ತು.

"ಯಾವ ಹಿಂಡಿ ಇದು?" ಆಯಿ ಇನ್ನೊಂದು ತುತ್ತು ಮುರಿದರು. "ಶೇಂಗಾ ಅಂತೂ ಗೊತ್ತಾಕ್ಕೈತಿ. ಮತ್ತೂ ಒಂದೇನೋ ಐತಿ."

"ಐತ್ರಿ ಆಯಿ. ಎರಡ ಕೂಡಿಸೇವಿ," ಅಂದೆ ನಾನು.

"ಬಳ್ಳೊಳ್ಳಿ ಹಾಕಿಲ್ಲಲ್ಲ?"

"ಇಲ್ರಿ. ಬಳ್ಳೊಳ್ಳಿ ಖರೇನ ಹಾಕಿಲ್ಲ."

"ಚಲೋ ಮಾಡೀರಿ. ಹುಳಿ ಬರೋಬರಿ ಬಿದ್ದೈತಿ. ಉಪ್ಪು ಮರತೀರಿ, ಖಾರಾನೂ ಮರತೀರಿ. ಗಂಡಸರು ಅಡಿಗಿ ಮಾಡಿದ್ರ ಹಿಂಗ." ಆಮೇಲೆ ಸೆರಗಿನ ತುದಿಗೆ ಕಟ್ಟಿದ್ದ ಗಂಟನ್ನು ತಟ್ಟಿ ತೋರಿಸಿದರು. "ಒಂದೀಟು ಕಟ್ಟಿಕೊಂಡೀನಿ. ಸಂಜಿಗೆ ಉಪ್ಪು-ಖಾರ ಕೂಡಿಸಿ ಮನ್ಯಾಗ ಎಲ್ಲಾರಿಗೂ ನೀಡ್ತೀನಿ."

ಎಲ್ಲಾರಿಗೂ ಅಂದರೆ ಐದು ಮಗ್ಗದ ಮನೆ. ಅಲ್ಲಿ ನಶ್ಯ ಏರಿಸದ ಮೂಗುಗಳು ಬೇಕಾದಷ್ಟಿದ್ದವು.

ನನ್ನ ಗೆಳೆಯ ನೂಲು ಒಣಹಾಕುವ ಗಳದ ಹಿಂದಕ್ಕೆ ನನ್ನನ್ನು ಎಳೆದೊಯ್ದ. ಅವನ ಮುಖ ಸೋಡಾ ನೀರಿನ ಬಣ್ಣಕ್ಕೆ ತಿರುಗಿತ್ತು.

"ಹೇಳಿಬಿಡ್ತೀನಿ."

"ಹುಚ್ಚನಂಗ ಮಾಡಬ್ಯಾಡ. ಹೇಳಿದ್ರ ನಿನ್ನ ಹಂಡೆ ಇವತ್ತಿಗೆ ಮುಗೀತು. ತಿಂದ್ರ ಏನೂ ಆಗಂಗಿಲ್ಲ. ಕೋಳಿ ತಿಂದು ಆರಾಮ ಅದಾವು."

"ಲೇ, ಆಯಿ ಕೋಳಿ ಅಲ್ಲ."

"ಸೆರಗಿನಾಗಿಂದು ಇಸಗೊಂಡ ಬರ್ತೀನಿ. ಅಷ್ಟ ಸಾಕು. ನೀ ಸುಮ್ಮಕಿರು, ವ್ಯಾಪಾರ ನನಗ ಬಿಡು."

ರುಮಾಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವ ಮೂರು ತಾಲೂಕಿನ ದಲ್ಲಾಳಿಗಳನ್ನು ಆಡಿಸಿದವನು ನಾನು. ಒಂದು ಮುದುಕಿಯ ಸೆರಗಿನಿಂದ ಒಂದು ಹಿಡಿ ಪುಡಿ ಬಿಡಿಸಲಾರೆನೇ? ಹೋಗಿ ಎದುರಿಗೆ ಕುಕ್ಕರಗಾಲಲ್ಲಿ ಕೂತೆ.

"ಆಯಿ, ಅದರಾಗ ಉಪ್ಪಿಲ್ಲ, ಖಾರ ಇಲ್ಲ. ನನ್ನ ಮನ್ಯಾಗ ಹೊಸದಾಗಿ ಕುಟ್ಟಿದ್ದ ಶೇಂಗಾ ಹಿಂಡಿ ಐತಿ. ಒಂದು ಸೇರು ಕಳಸ್ತೀನಿ. ಇದನ್ನ ಇಲ್ಲೇ ಬಿಡ್ರಿ."

"ಇರಲಿ ಬಿಡು, ಇದ ಸಾಕು."

"ಎರಡ ಸೇರು ಕಳಸ್ತೀನಿ. ಮ್ಯಾಲ ಒಂದು ತಂಬಿಗಿ ಕುಸುಬಿ ಎಣ್ಣಿ."

ಆಯಿ ಅಗಿಯುವುದನ್ನು ನಿಲ್ಲಿಸಿದರು. "ನೀನು? ಪುಕ್ಕಟ?"

"ಹಿರ್ಯಾರಿಗೆ ಕೊಡೋದ್ರಾಗ ಏನ್ರಿ."

"ಹೋದ ವರ್ಷ ನಮ್ಮ ಎಮ್ಮಿ ಹಿಂಡಿಗೆ ಒಂದು ಚಕ್ಕಿ ಹೆಚ್ಚ ಹಾಕು ಅಂದ್ರ ಅರ್ಧ ತಾಸು ವಾದಿಸಿದ್ದಿ." ಅವರು ಸೆರಗಿನ ಗಂಟನ್ನು ಇನ್ನೊಂದು ಸುತ್ತು ಬಿಗಿದರು. "ಏನೈತಿ ಇದರಾಗ? ಔಷಧ ಹಾಕೀರೇನು? ಯಾಕಂದ್ರ ತಿಂದಾಗಿಂದ ಮೊಣಕಾಲ ನೋವು ಹಗುರಾದಂಗ ಆಗೇತಿ."

ಸರಕು ಬೇಕೆಂದು ಮುಖದಲ್ಲಿ ತೋರಿಸಬಾರದು. ಇದು ಚೌಕಾಶಿಯ ಮೊದಲ ಪಾಠ, ಎಷ್ಟೋ ಜನರಿಗೆ ನಾನೇ ಕಲಿಸಿದ್ದು. ದರ ಏರಿಸಿದಷ್ಟೂ ಆಯಿಯ ಮುಷ್ಟಿ ಬಿಗಿಯುತ್ತಿತ್ತು. ಆದರೂ ಔಷಧ ಎಂಬ ಮಾತು ಕೇಳಿದ ಕೂಡಲೇ ನನ್ನ ತಲೆ ಓಡಿತು. ಹೌದು, ಔಷಧ, ಗಂಡಸರಿಗಷ್ಟೇ ಕೊಡುವಂಥದ್ದು, ಹೆಂಗಸರು ಎರಡನೇ ಸಲ ತಿಂದರೆ ಉಷ್ಣವಾಗುತ್ತದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಆಯಿ, ಅದರಾಗ ಕೋಳಿ ಪುಕ್ಕ ಐತಿ."

ನನ್ನ ಗೆಳೆಯ ಹಂಡೆಯ ಪಕ್ಕ ನಿಂತು ಹೇಳಿದ್ದ. ಗಟ್ಟಿಯಾಗಿಯೂ ಹೇಳಲಿಲ್ಲ. "ಕೋಳಿಗೆ ಹಾಕಾಕ ಮಾಡಿದ್ದು. ಇದ ಹಂಡೇದಾಗ ಕುದಿಸೇವಿ. ನಿಮ್ಮ ನೂಲು ಹಾಕೋ ಹಂಡೇದಾಗ. ನನ್ನಿಂದ ತಪ್ಪಾತು."

ಆಯಿ ಕೂಗಾಡಲಿಲ್ಲ. ರೊಟ್ಟಿಯನ್ನು ಪಕ್ಕಕ್ಕಿಟ್ಟರು. ಸೆರಗಿನ ಗಂಟು ಬಿಚ್ಚಿ ಪುಡಿಯನ್ನು ಒಂದು ಕಾಳೂ ಉಳಿಯದಂತೆ ಚಾಪೆಯ ಮೇಲೆ ಝಾಡಿಸಿದರು. ತಮ್ಮ ಚೊಂಬಿನ ನೀರಿನಿಂದ ಬಾಯಿ ಮುಕ್ಕಳಿಸಿದರು, ಮೂರು ಸಲ, ನೀರು ಮುಗಿಯುವವರೆಗೆ. ಆಮೇಲೆ ಬರಿದಾದ ಚೊಂಬನ್ನು ಬೋರಲು ಹಾಕಿ ಕೂತರು. ನನ್ನ ಗೆಳೆಯ ನೂಲಿನ ಗಂಟನ್ನು ನೋಡುತ್ತಿದ್ದ. ಆಯಿ ಅದನ್ನು ಎತ್ತಿಕೊಂಡು ಎದ್ದರೆ ಅವನ ಬಾಳು ಅದರ ಹಿಂದೆಯೇ ಎದ್ದು ಹೋಗುತ್ತಿತ್ತು.

"ನಾ ತಿಂದದ್ದು ಯಾರ್ಯಾರಿಗೆ ಗೊತ್ತು?" ಆಯಿ ಕೇಳಿದರು.

"ನಮ್ಮಿಬ್ಬರಿಗ್ರಿ," ಅಂದ ಗೆಳೆಯ.

ಇಲ್ಲಿ ನನಗೆ ಒಂದು ಸಂದು ಕಂಡಿತು. ಇವತ್ತು ನೆನೆದರೆ ಕಿವಿ ಬಿಸಿಯಾಗುತ್ತದೆ, ಆದರೆ ಕಂಡದ್ದು ಖರೆ. ನಮಗಿಂತ ಹೆಚ್ಚು ಕಳೆದುಕೊಳ್ಳುವವರು ಈಗ ಆಯಿ ಎಂದು ನಾನು ಲೆಕ್ಕ ಹಾಕಿದೆ.

"ಆಯಿ," ಅಂದೆ ಮೆತ್ತಗೆ, "ನೀವು ಹಂಡೆ ಮಾತು ಬಿಟ್ರ ನಾವು ರೊಟ್ಟಿ ಮಾತು ಬಿಡ್ತೀವಿ."

ನನ್ನ ಗೆಳೆಯ ನನ್ನ ಕಡೆ ಹೇಗೆ ನೋಡಿದನೆಂದರೆ, ಸಾಲಿಯಿಂದ ಈಚೆಗೆ ಅವನು ಹಾಗೆ ನೋಡಿದ್ದಿಲ್ಲ. ಆಯಿ ನಿಧಾನವಾಗಿ ತಲೆ ಎತ್ತಿದರು.

"ನಿನ್ನ ಬಾಯಾಗ ಮಣ್ಣ ಹಾಕ. ನನಗ ಹೆದರಸ್ತೀ? ಈಗ ಓಣ್ಯಾಗ ನಿಂತು ನಾನ ಒದರಿ ಹೇಳ್ತೀನಿ, ಕೋಳಿ ಪುಕ್ಕ ತಿಂದೆ ಅಂತ. ಈ ವಯಸ್ಸಿನ್ಯಾಗ ನನ್ನ ಯಾರು ಏನ್ ಮಾಡ್ತಾರ? ನಾಕ ದಿನ ನಗ್ತಾರ, ಐದನೇ ದಿನ ನನ್ನ ಕೈಯಾಗ ಊಟ ಮಾಡ್ತಾರ. ನಿನ್ನ ದೋಸ್ತನ ಹಂಡೆ ಏನಾಕ್ಕೈತಿ, ಹೇಳು? ಒದರ್ಲೇನು?"

"ಬ್ಯಾಡ್ರಿ," ಅಂದೆ.

"ಹೆಚ್ಚಿಗಿ ಏನರ ಐತೇನು ನಿನ್ನ ಕಡಿ, ಮಾತಾಡಾಕ?"

"ಇಲ್ರಿ."

ಹಾಗೆ ಬರಿಗೈಯಲ್ಲಿ ನಾನು ಎಂದೂ ಕೂತಿರಲಿಲ್ಲ. ಆಯಿ ನನ್ನನ್ನು ಅಲ್ಲಿಗೇ ಬಿಟ್ಟು ಗೆಳೆಯನ ಕಡೆ ತಿರುಗಿದರು.

"ನೀ ಖರೇ ಹೇಳಿದಿ. ಹೇಳದ ಬಿಟ್ಟಿದ್ರ ಹತ್ತು ಮಂದಿ ತಿಂತಿದ್ರು, ಕೂಸು-ಕುನ್ನಿ ಕೂಡ. ತಾಮ್ರಕ್ಕ ಬೆಂಕಿ ಕಂಡ ಮ್ಯಾಲ ದೋಷ ಇಲ್ಲ. ಹಳೇ ಕಲಾಯಿ ಪೂರಾ ಸುಟ್ಟು, ಹೊಸ ಕಲಾಯಿ ಹಾಕಿಸು. ನಾಡದು ನೂಲು ತರ್ತೀನಿ." ಮತ್ತೆ ನನ್ನ ಕಡೆ ಬೆರಳು ಬಂತು. "ಕಲಾಯಿ ಖರ್ಚು ಇವಂದು. ಹಂಡೆ ಹೊರೋದೂ ಇವನ. ಹಮಾಲನ ತಲಿ ಮ್ಯಾಲ ಹೊರಿಸಿದ್ರ ನಡ್ಯಂಗಿಲ್ಲ. ತನ್ನ ತಲಿ ಮ್ಯಾಲ ಹೊತ್ತು ಪೇಟ್ಯಾಗಿಂದ ಹೋಗ್ಲಿ, ನಾ ನೋಡ್ಬೇಕು."

"ಮಂದಿ ಕೇಳಿದ್ರ ಏನಂತ ಹೇಳೋದ್ರಿ ಆಯಿ? ಹಂಡೆ ಯಾಕ ಸುಡಸಾಕತ್ತಿ ಅಂದ್ರ?" ಗೆಳೆಯ ಕೇಳಿದ.

ಆಯಿ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದರು.

"ದನದ ಹಿಂಡಿ ಕುದಿಸಿ ಹಂಡೆ ಕೆಡಿಸಿದ ಅಂತ ಹೇಳ್ರಿ. ಹಿಂಡೀನ ಅಲ್ಲೇನು? ಸುಳ್ಳೂ ಆಗಂಗಿಲ್ಲ."

ಎಂಟು ದಿನದ ಹಿಂದೆ ಅದೇ ಅಂಗಳದಲ್ಲಿ ನಾನು ಆಡಿದ ಮಾತನ್ನು ಆಯಿ ಕೇಳಿರಲು ಸಾಧ್ಯವೇ ಇರಲಿಲ್ಲ. ನಾನು ಹಂಡೆ ಎತ್ತಿ ತಲೆಗೆ ಬೋರಲು ಇಟ್ಟುಕೊಂಡೆ.

ಚೀಲ ಹೊರುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ಕುತ್ತಿಗೆಗೆ ಹಳೆಯ ನೆನಪು ಬಂತು. ಪೇಟೆಯ ಕಟ್ಟೆಗಳ ಮೇಲೆ ನನ್ನ ಓರಗೆಯ ವ್ಯಾಪಾರಿಗಳೆಲ್ಲ ಕೂತಿದ್ದರು.

"ಏನ್ ಸಾವ್ಕಾರ್ರ, ಮತ್ತ ಹಮಾಲಿ ಸುರು ಮಾಡೀರಿ?"

"ಹಿಂಡಿ ಕುದಿಸಿದ್ದೆ. ಹಂಡೆ ಕೆಟ್ಟೈತಿ."

"ಹಿಂಡಿ ಯಾಕ ಕುದಿಸಿದ್ರಿ?"

ಹಂಡೆಯೊಳಗೆ ತಲೆ ಇದ್ದದ್ದರಿಂದ ಕೇಳಿಸದವನ ಹಾಗೆ ನಡೆದೆ. ಹಿಂದೆ ಸ್ವಲ್ಪ ದೂರದಲ್ಲಿ ಆಯಿಯ ಕೋಲಿನ ಸದ್ದು ಬರುತ್ತಿತ್ತು. ಕಲಾಯಿಯವನು ಹಂಡೆಯ ಗಾತ್ರ ನೋಡಿ ಬಾಯಿಗೆ ಬಂದ ದರ ಹೇಳಿದ. ಹೂಂ ಅಂದೆ. ಅವನು ಹೆದರಿಬಿಟ್ಟ. ಕುಲುಮೆಯ ತಿದಿ ಬಿಟ್ಟು ಎದ್ದು ಬಂದು, "ಆರಾಮಿಲ್ಲೇನ್ರಿ? ದವಾಖಾನಿಗೆ ಹೋಗಿ ಬರ್ರಿ ಬೇಕಾದ್ರ, ನಾ ಕಾಯ್ತೀನಿ," ಅಂದ.

ಹೇಳಿದ ದಿನವೇ ಆಯಿ ನೂಲು ತಂದರು. ಹೊಸ ಕಲಾಯಿಯಲ್ಲಿ ಕೆಂಪು ಎಂದಿಗಿಂತ ಹೆಚ್ಚು ಹಿಡಿಯಿತು ಎಂದು ಅವರೇ ಓಣಿಯಲ್ಲಿ ಹೇಳಿದ್ದರಿಂದ, ಡಬ್ಬಿಯ ಬಣ್ಣಕ್ಕೆ ಹೋಗಿದ್ದ ಎರಡು ಮನೆ ತಿರುಗಿ ಬಂದವು. ನನ್ನ ಗೆಳೆಯ ಒಂದು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ಒಂದು ದಿನ ಅಂಗಡಿಯ ಮುಂದೆ ನಿಂತು, "ಲೇ, ಆವತ್ತು ಹುಣಸಿಹಣ್ಣು ನಂದು ಹೋಗಿದ್ದು," ಅಂದ. ಅಷ್ಟಕ್ಕೆ ಎಲ್ಲ ಸರಿಹೋಯಿತು.

ಉಳಿದ ಪುಕ್ಕದ ಹಿಂಡಿಯನ್ನು ಗ್ರಾಮಸೇವಕರ ಬಿಳಿ ಕೋಳಿಗಳು ಆನಂದದಿಂದ ತಿಂದು ಮುಗಿಸಿದವು. ಇನ್ನಷ್ಟು ಮಾಡಲು ಹಂಡೆ ಎಲ್ಲಿಯದು? ನರಗುಂದದ ಬೆಳೆಗಾರರು ಮನಸ್ಸು ಬದಲಿಸಿ ಹತ್ತಿಗೇ ಅಂಟಿಕೊಂಡರು. ಗ್ರಾಮಸೇವಕರಿಗೆ ವರ್ಗವಾಯಿತು. ಹೋಗುವಾಗ ಅವರು ಕರಪತ್ರದ ಚೀಲವನ್ನು ನನ್ನ ಅಂಗಡಿಯಲ್ಲೇ ಬಿಟ್ಟು ಹೋದರು. ಪೊಟ್ಟಣ ಕಟ್ಟಲು ಚಲೋ ಕಾಗದ. ಕೋಳಿ ಮಾರುವ ಹೆಂಗಸು ಮಾತ್ರ ಬಹಳ ದಿನ ನನ್ನನ್ನು ಕಂಡಾಗಲೆಲ್ಲ ಕೂಗುತ್ತಿದ್ದಳು, "ಪುಕ್ಕ ಬ್ಯಾಡೇನ್ರಿ ಸಾವ್ಕಾರ್ರ? ಒಣಗಿಸಿಟ್ಟೀನಿ!"

ಆಯಿ ಆಮೇಲೆಯೂ ಬಹಳ ವರ್ಷ ಇದ್ದರು. ಅವರ ಮನೆಯ ಎಮ್ಮೆಗೆ ಹಿಂಡಿ ನನ್ನ ಅಂಗಡಿಯಿಂದಲೇ ಹೋಗಬೇಕು, ಒಯ್ಯಲು ಅವರೇ ಬರಬೇಕು. ಅಂಗಡಿ ತುಂಬ ಗಿರಾಕಿಗಳಿದ್ದಾಗ ನೋಡಿಯೇ ಬರುವರು. ಚೀಲದ ಮುಂದೆ ನಿಂತು, ಒಂದು ಚಕ್ಕೆ ಎತ್ತಿ ಬೆಳಕಿಗೆ ಹಿಡಿದು, ಗಟ್ಟಿಯಾಗಿ ಕೇಳುವರು:

"ಇದು ಯಾವ ಹಿಂಡಿ?"

"ಶೇಂಗಾದ್ದು, ಆಯಿ."

"ಬರೀ ಶೇಂಗಾ?"

"ಬರೀ ಶೇಂಗಾ, ಆಯಿ."

ಆಮೇಲೆ ದರ ಅವರೇ ಹೇಳುವರು. ಅಂಗಡಿಯಲ್ಲಿದ್ದವರೆಲ್ಲ ನಾನು ಈಗ ವಾದಕ್ಕೆ ನಿಲ್ಲುತ್ತೇನೆ ಎಂದು ಕಾಯುವರು. ನಾನು ತಕ್ಕಡಿ ಎತ್ತುತ್ತಿದ್ದೆ. ಒಂದು ಚಕ್ಕೆ ಹೆಚ್ಚಿಗೆ ಹಾಕಿ.